ಹದಿನಾರನೇ ನಂಬರಿನ ಕೊಳವೆ

ಪಂಪು ತಯಾರಿಸುವ ಆ ಕಾರ್ಖಾನೆಯಲ್ಲಿ ಅಳತೆ ಪರೀಕ್ಷಕನ ಎದುರು 'ಹೆಚ್ಚುಕಡಿಮೆ' ಎಂಬ ಮಾತನ್ನು ಯಾರೂ ಆಡುತ್ತಿರಲಿಲ್ಲ. ಬಾಯಿತಪ್ಪಿ ಆಡಿದವರಿಗೆ ಉತ್ತರ ಸಿದ್ಧವಾಗಿರುತ್ತಿತ್ತು: "ಹೆಚ್ಚು ಬೇರೆ, ಕಡಿಮೆ ಬೇರೆ. ಎರಡನ್ನೂ ಒಟ್ಟಿಗೆ ಹೇಳೋನಿಗೆ ಎರಡೂ ಗೊತ್ತಿಲ್ಲ ಅಂತ ಅರ್ಥ."

ಇಪ್ಪತ್ತೊಂಬತ್ತು ವರ್ಷಗಳಿಂದ ಅವನ ಕೆಲಸ ಒಂದೇ. ಮೇಜಿನ ಮೇಲೆ ಉಕ್ಕಿನ ಅಳತೆಕಡ್ಡಿಗಳ ಸಾಲು. ಎದುರಿಗೆ ತೂತು ಕೊರೆದ ಬಿಡಿಭಾಗಗಳ ತಟ್ಟೆ. ಕಡ್ಡಿ ತೂತಿನೊಳಗೆ ಸಲೀಸಾಗಿ ಇಳಿದರೆ ಹಸಿರು ಮುದ್ರೆ, ಇಳಿಯದಿದ್ದರೆ ಕೆಂಪು. ಅತ್ತರೂ ಕೆಂಪು, ಕಾಲಿಗೆ ಬಿದ್ದರೂ ಕೆಂಪು. ಜನ ಎದುರಿಗೆ 'ಸಾರ್' ಎಂದೂ ಬೆನ್ನ ಹಿಂದೆ 'ಕೂದಲೆಳೆ' ಎಂದೂ ಕರೆಯುತ್ತಿದ್ದರು. ಗೋಡೆಯ ಮೇಲೆ ಅವನೇ ಬರೆಸಿದ ನಿಯಮವೊಂದಿತ್ತು: ತಾನು ಮಾಡಿದ ಕೆಲಸಕ್ಕೆ ತಾನೇ ಮುದ್ರೆ ಒತ್ತುವಂತಿಲ್ಲ.

ಅವನ ಹೊಟ್ಟೆಯ ಮೇಲೂ ಒಂದು ತೂತಿತ್ತು. ಮೂರು ವರ್ಷದ ಹಿಂದೆ ಕಾಯಿಲೆ ಬಿದ್ದ ಮೂತ್ರಕೋಶವನ್ನು ಸರ್ಜನ್ ತೆಗೆದುಹಾಕಿ, ಅವನದೇ ಕರುಳಿನ ತುಂಡಿನಿಂದ ಒಳಗೊಂದು ಚೀಲ ಹೊಲಿದಿದ್ದರು. ಒಂಬತ್ತು ಗಂಟೆಯ ಶಸ್ತ್ರಚಿಕಿತ್ಸೆ. ಹೊಕ್ಕುಳಿನ ಬಲಕ್ಕೆ, ತುಸು ಕೆಳಗೆ, ಆ ಚೀಲದ ಬಾಯಿ. ಹೊರಗೆ ಸಂಚಿಯಿಲ್ಲ, ಸೋರಿಕೆಯಿಲ್ಲ. ಒಳಗಿನ ಕವಾಟ ತಾನಾಗಿ ತಡೆದುಕೊಳ್ಳುತ್ತಿತ್ತು. ನಾಲ್ಕು ಗಂಟೆಗೊಮ್ಮೆ ಮೆತ್ತನೆಯ ಕೊಳವೆಯನ್ನು ತೂರಿಸಿ ಖಾಲಿ ಮಾಡಿದರಾಯಿತು. ಕೊಳವೆಯ ನಂಬರು ಹದಿನಾರು. ಅದನ್ನು ಮೂರರಿಂದ ಭಾಗಿಸಿದರೆ ಹೊರವ್ಯಾಸ ಮಿಲಿಮೀಟರಿನಲ್ಲಿ ಸಿಗುತ್ತದೆಂದು ತಿಳಿದ ದಿನ, ಆಸ್ಪತ್ರೆಗೆ ಸೇರಿದ ಮೇಲೆ ಮೊದಲ ಸಲ ಅವನ ಮುಖ ಅರಳಿತ್ತು.

ಅಂಗಿಯ ಜೇಬಿನ ಪುಸ್ತಕದಲ್ಲಿ ಪ್ರತಿ ಸಲದ ಲೆಕ್ಕವನ್ನೂ ಬರೆಯುತ್ತಿದ್ದ: ಹೊತ್ತು, ಕೊಳವೆಯ ನಂಬರು, ಮಿಲಿಲೀಟರು, ಹಿಡಿದ ನಿಮಿಷ.

ಮೂರನೆಯ ವರ್ಷದ ಆರಂಭದಲ್ಲಿ ಹದಿನಾರು ಚರ್ಮದ ಅಂಚಿನಲ್ಲೇ ತಡೆಯತೊಡಗಿತು. 'ಹದಿನಾರು ತಡೆದರೆ ತಕ್ಷಣ ಬನ್ನಿ' ಎಂದು ಆಸ್ಪತ್ರೆಯ ದಾದಿ ಮೊದಲೇ ಹೇಳಿದ್ದಳು. ಆದರೆ ಹೋದರೆ ಆಪರೇಷನ್ ಮೇಜು, ಮೇಜಿನ ಮೇಲೆ ದೀಪ, ಮತ್ತೆ ಒಂಬತ್ತು ಗಂಟೆ. ಕೆಂಪು ಮುದ್ರೆಯ ಧಣಿ ಅಂದು ಎರಡು ನಿಮಿಷ ಯೋಚಿಸಿ, ಔಷಧದಂಗಡಿಯಿಂದ ಹದಿನಾಲ್ಕನೇ ನಂಬರು ತಂದ. ಅದು ಇಳಿಯಿತು. ಎರಡು ತಿಂಗಳ ನಂತರ ಹನ್ನೆರಡು. ಆಮೇಲೆ ಹತ್ತು. ಪುಸ್ತಕದಲ್ಲಿ ಒಂದು ಸುಳ್ಳನ್ನೂ ಬರೆಯಲಿಲ್ಲ. ಮೂರು ನಿಮಿಷದ ಕೆಲಸ ಐದಕ್ಕೆ, ಎಂಟಕ್ಕೆ, ಹದಿನಾಲ್ಕಕ್ಕೆ ಏರಿದ್ದನ್ನು ದುಂಡಗಿನ ಅಕ್ಷರದಲ್ಲಿ ನಮೂದಿಸಿ, ಪುಟ ಮಗುಚುತ್ತಿದ್ದ.

ಅವನ ಹೆಂಡತಿ ದರ್ಜಿ. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಹೊಲಿಗೆ ಯಂತ್ರದ ಸದ್ದು ನಿಲ್ಲಿಸಿ ಅವಳು ಬಚ್ಚಲುಮನೆಯತ್ತ ಕೂಗುತ್ತಿದ್ದಳು.

"ಏನ್ರೀ, ಒಳಗೆ ಮಹಾಕಾವ್ಯ ಬರೀತಿದ್ದೀರಾ?"

"ಮುಗೀತು."

"ಯಾವುದು, ಮೊದಲನೇ ಸರ್ಗನಾ?"

ತೆಳು ಕೊಳವೆಯಲ್ಲಿ ಚೀಲದ ಲೋಳೆ ಸಿಕ್ಕಿಕೊಳ್ಳುತ್ತಿತ್ತು. ಉಪ್ಪುನೀರು ಹಾಕಿ ತೊಳೆದು, ಕಾದು, ಮತ್ತೆ ತೊಳೆಯಬೇಕಿತ್ತು. ಇವೆಲ್ಲ ಹೆಂಡತಿಗೆ ಹೇಳುವ ಸಂಗತಿಯಲ್ಲವೆಂದು ಅವನ ತೀರ್ಮಾನ. ಹೇಳಿದರೆ ಅವಳು ಅವನ ಕೈ ಹಿಡಿದು ಆಸ್ಪತ್ರೆಗೆ ಎಳೆದೊಯ್ಯುವಳೆಂಬುದೇ ನಿಜವಾದ ಕಾರಣ.

ಒಂದು ಬೆಳಿಗ್ಗೆ ಕಾರ್ಖಾನೆಯಲ್ಲಿ ಲೇತಿನ ಅಕ್ಕ ನಲವತ್ತು ಉಂಗುರಗಳ ತಟ್ಟೆ ತಂದಿಟ್ಟಳು. ಲೇತು ಯಂತ್ರದ ಮುಂದೆ ಇಪ್ಪತ್ತು ವರ್ಷ ನಿಂತವಳು. ಪರೀಕ್ಷಕನಿಗೆ ಎದುರುತ್ತರ ಕೊಡುವ ಎದೆಗಾರಿಕೆ ಇದ್ದುದು ಅವಳೊಬ್ಬಳಿಗೇ. ಕಡ್ಡಿ ಮೊದಲನೆಯ ಉಂಗುರದಲ್ಲಿ ಇಳಿಯಲಿಲ್ಲ. ಎರಡನೆಯದರಲ್ಲೂ ಇಲ್ಲ.

"ನಲವತ್ತೂ ಹಾಗೇನೆ ಸಾರ್," ಎಂದಳು ಅಕ್ಕ. "ಉಳಿ ಸವೆದಿತ್ತು, ನೋಡ್ಲಿಲ್ಲ. ತೂತು ಒಂದು ಚೂರು ಬಿಗಿ, ಅಷ್ಟೆ. ಒಳಗೆ ಹೋಗೋ ಶಾಫ್ಟನ್ನೇ ಸ್ವಲ್ಪ ಸಣ್ಣ ಮಾಡಿಬಿಟ್ರೆ ಆಗಲ್ವಾ? ಹೊಟ್ಟೆಯೊಳಗಿನ ವಿಷಯ, ಪಂಪು ಯಾರ ಹತ್ರ ಹೋಗಿ ಹೇಳತ್ತೆ?"

"ಇವತ್ತು ಶಾಫ್ಟು ಸಣ್ಣ ಮಾಡ್ತೀಯ. ನಾಳೆ ತೂತು ಇನ್ನೂ ಸಣ್ಣ ಬರತ್ತೆ. ಆಗ ಅದಕ್ಕಿಂತ ಸಣ್ಣ ಶಾಫ್ಟು. ಕೊನೆಗೇನು, ದಾರ ತೂರಿಸ್ತೀಯಾ?"

ಹೇಳಿ ಮುಗಿಸಿದವನು ಮುದ್ರೆಯನ್ನು ಗಾಳಿಯಲ್ಲೇ ಹಿಡಿದುಕೊಂಡು ನಿಂತ. ಯಾರೋ ತನ್ನನ್ನೇ ಗದರಿದಂತಾಯಿತು. ಆಮೇಲೆ ನಲವತ್ತಕ್ಕೂ ಕೆಂಪು ಒತ್ತಿದ. ಎಂದಿನ ಬಿರುಸು ಅದರಲ್ಲಿರಲಿಲ್ಲ.

ಮಧ್ಯಾಹ್ನ ಹನ್ನೆರಡೂವರೆಗೆ ಕಾರ್ಖಾನೆಯ ಶೌಚಕೋಣೆಯಲ್ಲಿ ಬಾಗಿಲು ಹಾಕಿಕೊಂಡ. ಕೈ ತೊಳೆದು, ಹತ್ತನೇ ನಂಬರಿಗೆ ಜೆಲ್ ಸವರಿ, ಚೀಲದ ಬಾಯಿಗೆ ಹಿಡಿದ. ಇಳಿಯಲಿಲ್ಲ. ತಿರುಗಿಸಿ ನೋಡಿದ, ಇಲ್ಲ. ಚೀಲ ತುಂಬಿ ಹೊಟ್ಟೆ ಕಲ್ಲಿನಂತಾಗಿತ್ತು. ಕೊಳವೆಗಳನ್ನಿಟ್ಟುಕೊಳ್ಳುವ ಕೈಸಂಚಿಯ ತಳದಲ್ಲಿ, ಆಪತ್ತಿಗಿರಲೆಂದು ತಂದಿಟ್ಟ ಎಂಟನೇ ನಂಬರಿತ್ತು. ಎರಡು ಮತ್ತು ಮೂರನೇ ಎರಡು ಮಿಲಿಮೀಟರು. ಅದನ್ನೂ ಪ್ರಯತ್ನಿಸಿದ. ಅದು ಅಂಚಿನಲ್ಲೇ ಬಾಗಿ, ಸೋತ ಹುಳುವಿನಂತೆ ಬೆರಳಿಗೆ ಸುತ್ತಿಕೊಂಡಿತು. ಇನ್ನು ಬಾಕಿ ಉಳಿದದ್ದು ದಾರವೇ.

ಬಾಗಿಲ ಮೇಲೆ ಬಡಿತ. ಲೇತಿನ ಅಕ್ಕ.

"ಸಾರ್, ಇಪ್ಪತ್ತೈದು ನಿಮಿಷ ಆಯ್ತು. ಎಲ್ಲ ಸರಿ ಇದೆಯಾ?"

ಒಳಗಿನಿಂದ ಸಣ್ಣ ದನಿ ಬಂತು: "ಹೆಚ್ಚುಕಡಿಮೆ."

ನರಳಿದ್ದರೆ ಅಕ್ಕ ಅಷ್ಟು ಹೆದರುತ್ತಿರಲಿಲ್ಲವೇನೋ. ಈ ಮಾತು ಕೇಳಿ ಓಡಿಹೋಗಿ ಲೇತು ನಿಲ್ಲಿಸಿ, ಸಾಮಾನು ಸಾಗಿಸುವ ವ್ಯಾನಿನ ಚಾಲಕನನ್ನು ಊಟದ ಮುಂದಿನಿಂದ ಎಬ್ಬಿಸಿದಳು. "ಸಾರ್ ಹೆಚ್ಚುಕಡಿಮೆ ಅಂದ್ರು ಕಣಪ್ಪ, ಅವರ ಬಾಯಲ್ಲೇ," ಎಂದಳು. ಚಾಲಕ ಕೈ ತೊಳೆಯಲೂ ನಿಲ್ಲಲಿಲ್ಲ.

ಆಸ್ಪತ್ರೆಯಲ್ಲಿ ದಾದಿ ಅವನನ್ನು ಅಂಗಾತ ಮಲಗಿಸಿ, ತುದಿ ಬಾಗಿದ ಕೊಳವೆಯೊಂದನ್ನು ಆರಿಸಿ ತೆಗೆದಳು.

"ಉಸಿರು ಬಿಡಿ. ಪೂರ್ತಿ ಬಿಡಿ. ಹೊಟ್ಟೆ ಬಿಗಿ ಹಿಡೀಬೇಡಿ, ಯಾರೂ ಕಿತ್ಕೊಂಡು ಹೋಗಲ್ಲ."

ಮೂರನೆಯ ಉಸಿರಿಗೆ ಕೊಳವೆ ಒಳಗೆ ಸರಿಯಿತು. ಪಾತ್ರೆಗೆ ನೀರು ಬೀಳುವ ಸದ್ದಿನಷ್ಟು ಇಂಪಾದುದನ್ನು ಅವನು ಜೀವಮಾನದಲ್ಲಿ ಕೇಳಿರಲಿಲ್ಲ. ಏಳುನೂರ ಇಪ್ಪತ್ತು ಮಿಲಿಲೀಟರು. ಅಭ್ಯಾಸಬಲದಿಂದ ಕೈ ಜೇಬಿಗೆ ಹೋಯಿತು. ದಾದಿ ಆ ಪುಸ್ತಕವನ್ನು ತಾನೇ ತೆಗೆದುಕೊಂಡಳು.

ಅಷ್ಟರಲ್ಲಿ ಹೆಂಡತಿ ಬಂದಳು. ಕೊರಳಲ್ಲಿ ಅಳತೆಪಟ್ಟಿ ಹಾಗೇ ಇತ್ತು, ಸೆರಗಿಗೆ ನಾಲ್ಕು ಗುಂಡುಸೂಜಿ. ದಾದಿ ಪುಟ ತಿರುವುತ್ತ ಗಟ್ಟಿಯಾಗಿ ಓದಿದಳು: "ಹದಿನಾರು. ಹದಿನಾಲ್ಕು. ಹನ್ನೆರಡು. ಹತ್ತು. ಎಂಥ ಚಂದದ ಅಕ್ಷರ. ಆರು ತಿಂಗಳಿಂದ ಬಾಯಿ ಮುಚ್ಚಿಕೊಳ್ತಾ ಬಂದದ್ದನ್ನ ಇಷ್ಟು ಅಚ್ಚುಕಟ್ಟಾಗಿ ಬರೆದಿಟ್ಟೋರನ್ನ ನಾನು ನೋಡೇ ಇಲ್ಲ."

ಹೆಂಡತಿ ಗಂಡನತ್ತ ತಿರುಗಿದಳು. ಕಣ್ಣು ತುಂಬಿತ್ತು; ಆದರೆ ಮಾತು ಒಣಗಿಯೇ ಬಂತು.

"ಗುಂಡಿ ಹೋಗ್ತಿಲ್ಲ ಅಂದ್ರೆ ನಾನು ಕಾಜಾ ಬಿಚ್ಚಿ ಸರಿಮಾಡ್ತೀನಿ. ಗುಂಡಿ ಕೆರೆದು ಸಣ್ಣ ಮಾಡೋ ದರ್ಜಿನ ಎಲ್ಲಾದ್ರೂ ಕಂಡಿದ್ದೀರಾ?"

"ಇಲ್ಲ."

"ಈಗ ಕಂಡೆ ನಾನು."

ದಾದಿ ನಗು ನುಂಗಿಕೊಂಡು ವಿವರಿಸಿದಳು. ಅಂಚಿನ ಚರ್ಮ ಗಾಯ ಮಾಯುವ ಹಾಗೆ ಒಳಕ್ಕೆ ಬಿಗಿಯುತ್ತ ಬಂದಿದೆ. ಹದಿನಾರು ತಡೆದ ದಿನವೇ ಬಂದಿದ್ದರೆ ಮೆತ್ತಗೆ ಹಿಗ್ಗಿಸಿ ಮನೆಗೆ ಕಳಿಸಬಹುದಿತ್ತು. ಈಗ ಸರ್ಜನ್ ಚೀಲದ ಬಾಯಿಯನ್ನು ತುಸು ಬಿಡಿಸಬೇಕು.

"ಒಂಬತ್ತು ಗಂಟೆನಾ?" ಎಂದ ಅವನು. ಆರು ತಿಂಗಳು ನುಂಗಿಕೊಂಡಿದ್ದ ಪ್ರಶ್ನೆ ಅದು.

"ಇಪ್ಪತ್ತು ನಿಮಿಷ."

ಅವನು ಕಣ್ಣು ಮುಚ್ಚಿ ಒಂಬತ್ತು ಗಂಟೆಯ ಐನೂರ ನಲವತ್ತು ನಿಮಿಷವನ್ನು ಇಪ್ಪತ್ತರಿಂದ ಭಾಗಿಸಿದ. ತಾನು ಹೆದರಬೇಕಾದ್ದಕ್ಕಿಂತ ಇಪ್ಪತ್ತೇಳು ಪಟ್ಟು ಹೆದರಿದ್ದನೆಂಬುದು ಸ್ಪಷ್ಟವಾಯಿತು. ಅಳತೆಯಲ್ಲಿ ಇಷ್ಟು ದೊಡ್ಡ ತಪ್ಪು ಅವನ ಮೇಜಿನ ಮೇಲೆ ಎಂದೂ ಬಂದಿರಲಿಲ್ಲ.

ಬಾಯಿ ಬಿಡಿಸಿದ್ದಾಯಿತು. ಅದು ಮಾಯುವವರೆಗೆ ಒಂದು ಕೊಳವೆ ಮೂರು ವಾರ ಒಳಗೇ ಉಳಿಯಿತು. ಅದನ್ನು ತೆಗೆದ ದಿನ ಲೇತಿನ ಅಕ್ಕ ಮನೆಗೆ ಬಂದು, ಕಾರ್ಖಾನೆಯ ಹಳೆಯ ಮುದ್ರೆಗಳ ಜೋಡಿಯೊಂದನ್ನು ಹೆಂಡತಿಯ ಕೈಗಿಟ್ಟಳು. "ಗೋಡೆ ಮೇಲಿನ ನಿಯಮ ಅಮ್ಮಾ. ತನ್ನದಕ್ಕೆ ತಾನೇ ಒತ್ತೋ ಹಾಗಿಲ್ಲ."

ಅಂದಿನಿಂದ ಪುಸ್ತಕ ಹೆಂಡತಿಯ ಯಂತ್ರದ ಪಕ್ಕ ಇರತೊಡಗಿತು. ಸಂಚಿಯಲ್ಲಿ ಹದಿನಾರನ್ನುಳಿದು ಬೇರೆ ನಂಬರೇ ಇಲ್ಲ. ಬೆಳಿಗ್ಗೆ ಅವನು ಹೊರಬಂದು "ಹೋಯ್ತು" ಎಂದರೆ ಅವಳು ಕಾಜಾ ಮುಗಿಸಿ, ದಾರ ಕಡಿದು, ಕನ್ನಡಕ ಸರಿಮಾಡಿಕೊಂಡು, ಅವನು ನಿಂತೇ ಇರುವುದನ್ನು ಖಚಿತಪಡಿಸಿಕೊಂಡು ಹಸಿರು ಒತ್ತುತ್ತಿದ್ದಳು.

ನಾಲ್ಕನೆಯ ತಿಂಗಳಲ್ಲೊಂದು ದಿನ ಅವನು ಬಚ್ಚಲುಮನೆಯಿಂದಲೇ ಕೂಗಿದ.

"ಕೇಳಿಸ್ತಾ? ಖಾಲಿ ಆಯ್ತು. ಆದರೆ ಅಂಚಲ್ಲಿ ತಡೀತು."

ಯಂತ್ರ ನಿಂತಿತು. ಅವಳು ಬೈಯಲಿಲ್ಲ. ಕೆಂಪು ಒತ್ತಿ, ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಳು. ದಾದಿಗೆ ಹಿಗ್ಗಿಸಲು ಹತ್ತು ನಿಮಿಷ ಹಿಡಿಯಿತು. ಊಟದ ಹೊತ್ತಿಗೆ ಇಬ್ಬರೂ ಮನೆಯಲ್ಲಿದ್ದರು. ಮಧ್ಯಾಹ್ನ ಅವನು ಬಚ್ಚಲುಮನೆಯಿಂದ ಮೂರೇ ನಿಮಿಷಕ್ಕೆ ಹೊರಬಂದ.

"ಹೆಚ್ಚುಕಡಿಮೆ ಸರಿಯಾಯ್ತಾ?" ಎಂದಳು ಹೆಂಡತಿ, ಹಸಿರು ಮುದ್ರೆಯನ್ನು ಪುಟದ ಮೇಲೆ ತೂಗಾಡಿಸುತ್ತ.

"ಐದು ಮತ್ತು ಮೂರನೇ ಒಂದು ಮಿಲಿಮೀಟರು," ಎಂದ ಅವನು. "ಒತ್ತು."