ಕ್ಯಾಸಿನೊ ಮುಚ್ಚಿಸಿದವನ ಸಹಿ

ಮೂರು ಕಟ್ಟಡಗಳ ತಲೆಯ ಮೇಲೆ ಹಡಗು ಹತ್ತಿ ಕೂತಂತಿರುವ ಸಿಂಗಾಪುರದ ಆ ಹೋಟೆಲು ಗೊತ್ತಲ್ಲ, ಅದರ ಕೆಳಗಿನ ಕ್ಯಾಸಿನೊವನ್ನು ಕಳೆದ ತಿಂಗಳು ನಾನು ಇಪ್ಪತ್ತೆರಡು ನಿಮಿಷ ಮುಚ್ಚಿಸಿದೆ. ಬೆಂಕಿ ಬಿದ್ದು ಅಲ್ಲ, ಪೊಲೀಸರು ಬಂದೂ ಅಲ್ಲ. ನಾನು ಗೆದ್ದದ್ದಕ್ಕೆ ಕೊಡಲು ಅವರ ಹತ್ತಿರ ಚಿಪ್ಸ್, ಅಂದರೆ ಹಣದ ಬದಲು ಕೊಡುವ ಬಿಲ್ಲೆಗಳು, ಮುಗಿದುಹೋಗಿದ್ದವು. ಮ್ಯಾನೇಜರು ಬೆವರೊರೆಸಿಕೊಳ್ಳುತ್ತ ಓಡಿ ಬಂದ. "ಮಿಸ್ಟರ್ ಸುಕೇಶ್, ಅಲ್ಲಿಯವರೆಗೆ ಚಹಾ ಕುಡಿಯುತ್ತಿರಿ, ಪಕ್ಕದ ದೇಶದಿಂದ ತರಿಸುತ್ತಿದ್ದೇವೆ" ಅಂದ. ನಾನು ದೊಡ್ಡ ಮನಸ್ಸು ಮಾಡಿ, ಇವತ್ತಿಗೆ ಸಾಕು ಬಿಡಿ ಎಂದು ಎದ್ದು ಬಂದೆ.

ಅನುಮಾನವಿದ್ದರೆ ಉಡುಪಿಯಿಂದ ಕುಂದಾಪುರದವರೆಗೆ ಯಾರನ್ನಾದರೂ ಕೇಳಿ. ಇಪ್ಪತ್ತು ವರ್ಷ ವಾಲಿಬಾಲ್ ಪಂದ್ಯಾಟಗಳಲ್ಲಿ ಮೈಕ್ ಹಿಡಿದು ವೀಕ್ಷಕ ವಿವರಣೆ ಕೊಟ್ಟವನು ನಾನು. ನಾನು ಬಣ್ಣಿಸಿದ ಒಂದು ಸ್ಮ್ಯಾಷ್‌ಗೆ ಚೆಂಡು ಸಮುದ್ರ ದಾಟಿ ಹೋಗಿ, ಮರುವಾರ ದುಬೈಯಿಂದ ಕೊರಿಯರಿನಲ್ಲಿ ವಾಪಸು ಬಂದಿತ್ತು.

ಆದರೆ ಹೆಂಡತಿ ಸ್ವರ್ಣಲತಾ ತೀರಿಕೊಂಡ ಮೇಲೆ ಏಳು ತಿಂಗಳು ಮೈಕ್ ಮುಟ್ಟಿರಲಿಲ್ಲ. ತಂಗಿ ಸುರಕ್ಷಾ, "ಸುಮ್ನೆ ಒಂದ್ ತಿಂಗಳು ಟೂರಿಸ್ಟ್ ಆಗಿ ಬಾ ಅಣ್ಣ" ಎಂದು ತಾನೇ ಟಿಕೆಟ್ ಬುಕ್ ಮಾಡಿ ಸಿಂಗಾಪುರಕ್ಕೆ ಕರೆಸಿಕೊಂಡಳು. ಸೆಂಗ್‌ಕಾಂಗ್‌ನಲ್ಲಿ ಹದಿನಾಲ್ಕನೇ ಮಹಡಿಯ ಫ್ಲ್ಯಾಟು. ಬೆಳಗ್ಗೆ ಏಳೂವರೆಗೆಲ್ಲ ತಂಗಿ, ಭಾವ ಇಬ್ಬರೂ ಚಾಂಗಿ ಬಿಸಿನೆಸ್ ಪಾರ್ಕಿನ ಆಫೀಸಿಗೆ. ಅವರ ಮಗಳು ಇಶಿತಾ ಶಾಲೆಗೆ. ಸಂಜೆಯವರೆಗೆ ಮನೆಯಲ್ಲಿ ಸದ್ದು ಮಾಡುವವರು ನಾನು ಮತ್ತು ಫ್ರಿಜ್ಜು, ಇಬ್ಬರೇ. ಮೊದಲ ವಾರ ಹಕ್ಕಿಗಳ ಪಾರ್ಕು, ಹೂವಿನ ಗುಮ್ಮಟ ಎಲ್ಲವನ್ನೂ ನೋಡಿ ಮುಗಿಸಿದೆ. ಹೋದಲ್ಲೆಲ್ಲ ಒಂದೇ ಟಿಕೆಟ್ ಕೇಳಬೇಕು. ಫೋಟೋ ತೆಗೆದುಕೊಡಿ ಎಂದು ಗುರುತಿಲ್ಲದವರಿಗೆ ಫೋನ್ ಕೊಡಬೇಕು. ಕ್ಯಾಸಿನೊದಲ್ಲಿ ಆ ತಾಪತ್ರಯವಿಲ್ಲ. ಸಿಂಗಾಪುರದಲ್ಲೇ ನೆಲೆಸಿದವರು ನೂರೈವತ್ತು ಡಾಲರ್ ಕಟ್ಟಿ ಒಳಗೆ ಹೋಗಬೇಕು. ನನ್ನಂಥ ಹೊರದೇಶದವನು ಪಾಸ್‌ಪೋರ್ಟ್ ತೋರಿಸಿದರೆ ಪುಕ್ಕಟೆ. ಒಳಗೆ ಫೋಟೋ ತೆಗೆಯುವಂತೆಯೇ ಇಲ್ಲ.

ಚಿಪ್ಸ್ ಮುಗಿದ ಕಥೆಯನ್ನು ನಾನು ಮೊದಲು ಹೇಳಿದ್ದು ಒಂದು ಭಾನುವಾರ ಮಧ್ಯಾಹ್ನ, ತಂಗಿಯ ಮನೆಗೆ ಅವಳ ಸ್ನೇಹಿತರು ನಳಿನಿ, ಕೇಶವ ದಂಪತಿ ಊಟಕ್ಕೆ ಬಂದಾಗ. ಏಳು ತಿಂಗಳ ಮೇಲೆ ನನ್ನೆದುರು ಜನ ಕೂತಿದ್ದರು. ಗಂಟಲು ತಾನಾಗಿಯೇ ತೆರೆದುಕೊಂಡಿತು.

"ಹಾಗಾದ್ರೆ ಡಿನ್ನರ್ ನಿಮ್ ಕಡೆಯಿಂದ, ಸುಕೇಶ್ ಅವ್ರೇ!" ಎಂದು ಕೇಶವ ತೊಡೆ ತಟ್ಟಿ ನಕ್ಕ.

"ಮಾವ, ಬ್ಲಫ್ ಮಾಡ್ಬೇಡಿ ಲಾ," ಎಂದಳು ಇಶಿತಾ, ಅಲ್ಲಿನವರ ಹಾಗೆ ಕೊನೆಗೊಂದು 'ಲಾ' ಸೇರಿಸಿ. "ಕ್ಯಾಸಿನೊದಲ್ಲಿ ಚಿಪ್ಸ್ ಹೇಗ್ ಮುಗಿಯತ್ತೆ?"

"ನೀನು ಬಂದು ನೋಡಿದ್ಯಾ?"

"ನಂಗೆ ಹತ್ ವರ್ಷ! ಒಳಗೆ ಬಿಡಲ್ಲ!"

"ಮತ್ತೆ? ನೋಡದವರು ಮಾತಾಡಬಾರದು, ಮಾರಾಯ್ತಿ."

ಎಲ್ಲರೂ ನಗುತ್ತಿದ್ದರು, ನಳಿನಿ ಒಬ್ಬಳನ್ನು ಬಿಟ್ಟು. "ದಿನಾ ಹೋಗ್ತೀರಾ?" ಎಂದು ಮೆಲ್ಲಗೆ ಕೇಳಿದಳು.

"ಹನ್ನೊಂದು ದಿನ. ಒಂದು ದಿನವೂ ತಪ್ಪಿಸಿಲ್ಲ," ಎಂದೆ. ಆ ಊಟದ ಹೊತ್ತಿನಲ್ಲಿ ನಾನು ಹೇಳಿದ ಒಂದೇ ಒಂದು ನಿಜ ಅದು.

ನಳಿನಿ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಒಳಗೆ ತಂಗಿಯ ಜೊತೆ ಬಹಳ ಹೊತ್ತು ಪಿಸುಮಾತು ನಡೆಯಿತು. ಹೊರಬಂದ ಸುರಕ್ಷಾ ನನ್ನ ಮುಖ ನೋಡಲಿಲ್ಲ. ನಾನು ಗೆದ್ದದ್ದನ್ನು ಅಲ್ಲಿ ಯಾರೂ ನಂಬಿರಲಿಲ್ಲ, ಆಡಿದ್ದನ್ನು ಮಾತ್ರ ಎಲ್ಲರೂ ನಂಬಿಬಿಟ್ಟಿದ್ದರು.

ಅತಿಥಿಗಳು ಹೋದರು. ಭಾವ ಇಶಿತಾಳನ್ನು ಈಜಿಗೆ ಕರೆದುಕೊಂಡು ಹೋದ. ಸುರಕ್ಷಾ ಲ್ಯಾಪ್‌ಟಾಪ್ ತಂದು ನನ್ನ ಮುಂದಿಟ್ಟಳು.

"ಏನಿದು?"

"ಫಾರ್ಮ್. ನನ್ನನ್ನ ಕ್ಯಾಸಿನೊ ಒಳಗೆ ಬಿಡ್ಬೇಡಿ ಅಂತ ನೀನೇ ಬರ್ಕೊಡೋದು. ಆಮೇಲೆ ನಿನ್ ಪಾಸ್‌ಪೋರ್ಟ್ ಸ್ಕ್ಯಾನ್ ಮಾಡಿದ್ರೆ ಗೇಟಲ್ಲೇ ನಿಲ್ಲಿಸ್ತಾರೆ."

"ನನ್ನನ್ನು ನಿಲ್ಲಿಸಿದರೆ ಅವರ ವ್ಯಾಪಾರ ಮುಳುಗ್ತದೆ. ಮೊನ್ನೆ ಮ್ಯಾನೇಜರು ನನಗೊಂದು ರೂಮು..."

"ಅಣ್ಣಾ, ಸಾಕು." ಅವಳು ಕುರ್ಚಿ ಎಳೆದುಕೊಂಡು ಎದುರು ಕೂತಳು. "ನಳಿನಿ ಆಫೀಸಲ್ಲಿ ಒಬ್ರು ಹೀಗೇ ಗೆದ್ದೆ ಗೆದ್ದೆ ಅಂತಾನೇ ಎಲ್ಲ ಕಳ್ಕೊಂಡ್ರಂತೆ. ಇನ್ನೂ ಹನ್ನೆರಡು ದಿನ ಇದೆ ನೀನಿಲ್ಲಿ. ಸೈನ್ ಮಾಡು. ಇಲ್ಲಾಂದ್ರೆ ನಾಳೆನೇ ನಿನ್ ಫ್ಲೈಟ್ ಚೇಂಜ್ ಮಾಡ್ತೀನಿ."

ಮಾಡಿಬಿಡಬಹುದಿತ್ತು. ಹೆಸರು, ಪಾಸ್‌ಪೋರ್ಟ್ ನಂಬರು, ಅಷ್ಟೇ. ಕೈ ಮುಂದೆ ಹೋಗಲಿಲ್ಲ. ನನ್ನ ಕೈಯನ್ನೇ ನೋಡುತ್ತಿದ್ದ ಸುರಕ್ಷಾ ದನಿ ಇಳಿಸಿ ಕೇಳಿದಳು:

"ಅತ್ತಿಗೆ ಇನ್ಶೂರೆನ್ಸ್ ದುಡ್ಡು ಜೂಜಿಗೆ ಹಾಕಿದ್ಯಾ?"

ನನ್ನ ಬ್ಯಾಂಕಿನ ಆ್ಯಪ್ ತೆರೆದು ಅವಳ ಕೈಗೆ ಕೊಟ್ಟೆ. ಅವಳು ಮೇಲಿಂದ ಕೆಳಗೆ ನೋಡಿದಳು. ಆ ಹನ್ನೊಂದು ದಿನಗಳಲ್ಲಿ ರೈಲಿನ ಚಾರ್ಜು, ಎರಡು ಸಲ ಮಸಾಲೆ ದೋಸೆ. ಬೇರೇನೂ ಇರಲಿಲ್ಲ.

"ಒಂದು ಡಾಲರೂ ಆಡಿಲ್ಲ," ಎಂದೆ. "ಆಡುವುದು ಹೇಗೆ ಅಂತಲೇ ಗೊತ್ತಿಲ್ಲ."

"ಮತ್ತೆ ಹನ್ನೊಂದು ದಿನ ಅಲ್ಲಿ ಏನ್ ಮಾಡ್ತಿದ್ದೆ?"

"ಕುಡಿಯಲಿಕ್ಕೆ ಮೈಲೋ ಫ್ರೀ ಕೊಡ್ತಾರೆ."

"ಅಣ್ಣಾ."

"ಅಲ್ಲೊಬ್ಬರು ಮುದುಕಿ ಇದ್ದಾರೆ. ಚೀನಾದವರ ಹಾಗೆ ಕಾಣ್ತಾರೆ, ಮಲೇಷ್ಯಾದ ಜೊಹೊರಿಂದ ಬಸ್ಸಲ್ಲಿ ಬರ್ತಾರೆ. ಮೊದಲ ದಿನ ನಾನು ಹಿಂದೆ ನಿಂತಾಗಲೇ ಅವರ ಜೂಜಿನ ಮೆಷಿನ್ನಿನಲ್ಲಿ ಏನೋ ದುಡ್ಡು ಬಿತ್ತು. ಆಮೇಲೆ ನಾನೇ ಅವರ ಅದೃಷ್ಟ ಅನ್ನುವ ಹಾಗೆ ನನ್ನನ್ನು ಬಿಡಲಿಲ್ಲ. ಪಕ್ಕದ ಸ್ಟೂಲಿನ ಮೇಲೆ ಬ್ಯಾಗ್ ಇಟ್ಟು ನನಗೆ ಜಾಗ ಹಿಡಿದಿಡುವುದು, ನಾನು ಬಂದರೆ ಬ್ಯಾಗ್ ತೆಗೆದು ತಟ್ಟಿ ತೋರಿಸುವುದು. ಅವರ ಮಾತು ನನಗೆ ಬರುವುದಿಲ್ಲ, ನನ್ನದು ಅವರಿಗೆ. ನಾನು ಪಕ್ಕದಲ್ಲಿ ಕೂತು ಆಟದ ವಿವರಣೆ ಕೊಡ್ತೇನೆ. ಅವರು ನಗ್ತಾರೆ."

ಸುರಕ್ಷಾ ಫೋನನ್ನು ಮೇಜಿನ ಮೇಲಿಟ್ಟಳು. ಕಣ್ಣೊರೆಸಿಕೊಂಡಳು. ನಂಬಿದಳು ಅಂದುಕೊಂಡೆ. ಆದರೆ ಅವಳು ನನ್ನ ತಂಗಿ.

"ಎಷ್ಟ್ ದಿನ ಬಂದಿದ್ರು ಅವ್ರು?"

"ದಿನಾ."

ಅವಳು ಲ್ಯಾಪ್‌ಟಾಪನ್ನು ಮತ್ತೆ ನನ್ನ ಕಡೆಗೆ ತಳ್ಳಿದಳು.

"ಎರಡು ದಿನ," ಎಂದೆ. "ಮೂರನೇ ದಿನ ಬರಲಿಲ್ಲ. ಆಮೇಲೆ ಬರಲೇ ಇಲ್ಲ. ಉಳಿದ ಒಂಬತ್ತು ದಿನ ಪಕ್ಕದ ಸ್ಟೂಲಿನ ಮೇಲೆ ನನ್ನ ಚೀಲ ಇಟ್ಟುಕೊಂಡು ಒಬ್ಬನೇ ಕೂತಿದ್ದೆ, ಸುರಕ್ಷಾ."