ಬೂರುಗದ ಮರದ ವಯಸ್ಸು

ನ್ಯಿಮಾ ವಿಧವೆಯ ಬಿಳಿ ಬಟ್ಟೆ ಕಳಚಿಟ್ಟು ಒಂಬತ್ತು ದಿನವಾಗಿತ್ತು. ಗಂಡ ಫಮಾರಾ ಮೂರು ದಿನದ ಜ್ವರಕ್ಕೆ ಹೋದಮೇಲೆ ನಾಲ್ಕು ತಿಂಗಳು ಹತ್ತು ದಿನ ಅವಳು ಅಂಗಳ ದಾಟಿರಲಿಲ್ಲ. ಅಷ್ಟು ದಿನವೂ ಬಾವಿಯ ನೀರು ಬಾಗಿಲಿಗೆ ಬಂದಿತ್ತು. ಸೌದೆ ಬಂದಿತ್ತು. ಉಪ್ಪುನೀರಿನ ಕಾಂಡ್ಲಾ ಗಿಡಗಳ ಬೇರುಗಳಿಂದ ಸಿಂಪಿ ಕೀಳಲು ಹೋದ ಹೆಂಗಸರು ಮರಳುವಾಗ ಒಂದೊಂದು ಬೊಗಸೆ ಅವಳ ಒಲೆಯ ಪಕ್ಕ ಸುರಿದು ಹೋಗುತ್ತಿದ್ದರು. ತಂದವರು ಯಾರೆಂದು ಯಾರೂ ಹೇಳಲಿಲ್ಲ. ಅವಳಿಗೆ ಅಳು ಬರುತ್ತಿರಲಿಲ್ಲ. ಆದರೆ ಪ್ರತಿಯೊಬ್ಬರ ಹೆಜ್ಜೆಯ ಸದ್ದೂ ಅವಳಿಗೆ ಗೊತ್ತಿತ್ತು.

ಇವತ್ತು ರಾಜಧಾನಿ ಬಂಜುಲ್‌ನಿಂದ ಪ್ರವಾಸದ ಕಚೇರಿಯ ಅಧಿಕಾರಿ ಬರುವವನಿದ್ದ. ಜೊತೆಗೆ, ಪ್ರವಾಸಿಗರ ಗುಂಪುಗಳನ್ನು ಕರೆತರುವ ಡಚ್ ಹೆಂಗಸೊಬ್ಬಳು. ಊರು ಆಕೆಗೆ ಒಪ್ಪಿಗೆಯಾದರೆ ಈ ಚಳಿಗಾಲದಿಂದ ಜನ ಬರುತ್ತಾರೆ, ತೋರಿಸುವ ಕೆಲಸ ನ್ಯಿಮಾಳದು. ಇಲ್ಲವಾದರೆ ಫಮಾರಾ ಏಳು ವರ್ಷ ಕಷ್ಟಪಟ್ಟು ಜೋಡಿಸಿದ ಒಂದು ಕೋಣೆಯ ಮ್ಯೂಸಿಯಂ ಮುಚ್ಚುತ್ತದೆ. ಹಿರಿಯರು ಕೊಟ್ಟದ್ದು ಇದೊಂದೇ ಅವಕಾಶ.

"ಬಾಯಿ ಬಿಟ್ಟು ಮಾತಾಡು ತಾಯಿ," ಎಂದಳು ಅತ್ತೆ ಸಿಬೋ, ಸೊಸೆಯ ತಲೆವಸ್ತ್ರ ಸರಿಮಾಡುತ್ತ. "ನನ್ನ ಮಗ ತೆರೆದ ಬಾಯಿ ಮುಚ್ತಿರಲಿಲ್ಲ. ನೀನು ಮುಚ್ಚಿದ್ದು ತೆರೆಯಲ್ಲ. ಒಳ್ಳೇ ಜೋಡಿ ಮಾಡಿದ್ವಿ."

"ಎಲ್ಲಾ ನೆನಪಿದೆ ಅತ್ತೆ."

"ನೆನಪಿರೋದು ಬೇರೆ, ಹೇಳೋದು ಬೇರೆ."

ಗಾಡಿ ಬೂರುಗದ ಮರದ ಕೆಳಗೆ ನಿಂತಿತು. ಕೋಟು, ಟೋಪಿ ತೊಟ್ಟ ಎತ್ತರದ ಮನುಷ್ಯ ಇಳಿದು, ಕಟ್ಟೆಯ ಮೇಲೆ ಕುಳಿತ ಹೆಂಗಸರನ್ನೆಲ್ಲ ಒಮ್ಮೆ ನೋಡಿ, "ನಾನು ಜೋಗೊಯ್ ಫಾಯ್," ಎಂದು ನ್ಯಿಮಾಳ ಎದುರು ನಿಂತ. ತುಟಿಯಲ್ಲಿ ಆಗಲೇ ಅರ್ಧ ನಗು. ಏನನ್ನೋ ಕಾಯುತ್ತಿದ್ದ.

"ಬನ್ನಿ ಸ್ವಾಮಿ," ಎಂದಳು ನ್ಯಿಮಾ. "ದಾರಿಯಲ್ಲಿ ತೊಂದರೆ ಆಗಲಿಲ್ಲ ತಾನೆ?"

ಕಟ್ಟೆಯ ಮೇಲಿನ ಮಾತು ನಿಂತಿತು. ಸಿಬೋ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಫಾಯ್ ಎಂದರೆ ಸೆರೇರ್ ಕುಲದವನು. ಇವರು ಜೋಲಾ. ಹಿಂದೆ ಯಾವ ಕಾಲದಲ್ಲೋ ಅಕ್ಕತಂಗಿಯರಿಬ್ಬರು ಕೂತ ದೋಣಿ ನಡುನೀರಿನಲ್ಲಿ ಸೀಳಿ ಒಬ್ಬಳು ಉತ್ತರದ ದಡ ಸೇರಿದಳು, ಒಬ್ಬಳು ದಕ್ಷಿಣದ್ದು. ಆ ಇಬ್ಬರ ಮಕ್ಕಳು ಈ ಎರಡು ಕುಲದವರು. ಅಂದಿನಿಂದ ಎದುರಾದಾಗಲೆಲ್ಲ ಇವರು ಅವರನ್ನು ಆಳು ಎನ್ನಬೇಕು, ಅವರು ಇವರನ್ನು. ಮೊದಲು ಬೈಗುಳ, ಆಮೇಲೆ ಕುಶಲ. ಅವರ ಸಜ್ಜೆಯ ಊಟಕ್ಕೆ ಇವರು ನಗಬೇಕು, ಇವರ ಅನ್ನದ ಆಸೆಗೆ ಅವರು. ಬರೀ ಮರ್ಯಾದೆ ಕೊಟ್ಟರೆ ನೆಂಟನನ್ನು ಹೊಸ್ತಿಲಾಚೆ ನಿಲ್ಲಿಸಿದ ಹಾಗೆ. ಹಾಲು ಕುಡಿಯುವ ಕೂಸನ್ನು ಬಿಟ್ಟರೆ ಇದನ್ನು ಮರೆಯುವವರು ಊರಲ್ಲಿ ಇರಲಿಲ್ಲ. ನ್ಯಿಮಾ ಮರೆತಿದ್ದಳು. ಹೆಸರು ಕಿವಿಗೆ ಬಿದ್ದಿತ್ತು, ಒಳಗೆ ಇಳಿದಿರಲಿಲ್ಲ.

ಜೋಗೊಯ್‌ನ ನಗು ಆರಿತು. "ಸುಖವಾಗಿ ಬಂದ್ವಿ," ಎಂದಷ್ಟೇ ಹೇಳಿದ.

ಅವಳು ತೋರಿಸಲು ಶುರುಮಾಡಿದಳು. ಗದ್ದೆಯ ಕೆಸರು ಎತ್ತುವ ಉದ್ದ ಹಿಡಿಯ ಮರದ ಸಲಿಕೆ, ಕಜೆಂಡೊ. ತಾಳೆ ಮರ ಹತ್ತುವಾಗ ಸೊಂಟಕ್ಕೆ ಸುತ್ತುವ ಬಳೆ. ನಾಲ್ಕು ಮದ್ದಳೆ. ಮೀನಿನ ಬುಟ್ಟಿ. ಒಂದೊಂದರ ಹೆಸರು, ಮರದ ಜಾತಿ, ಮಾಡಿದವರ ಹೆಸರು, ಒಂದೂ ತಪ್ಪಲಿಲ್ಲ. ಇತಿಹಾಸ ಓದಿ ಪದವಿ ಪಡೆದವಳು ಅವಳು. ತನ್ನ ದನಿ ಗೋಡೆಯ ಹಿಂದಿನಿಂದ ಬಂದಂತೆ ಅವಳಿಗೇ ಕೇಳುತ್ತಿತ್ತು. ಡಚ್ ಹೆಂಗಸು ನಯವಾಗಿ ತಲೆಯಾಡಿಸುತ್ತ ಕ್ಯಾಮೆರಾದ ಮುಚ್ಚಳ ಹಾಕಿದಳು. ಸೋಲು ಬರುತ್ತಿರುವುದು ನ್ಯಿಮಾಳಿಗೆ ಕಾಣುತ್ತಿತ್ತು. ತಡೆಯಲು ಕೈ ಏಳಲಿಲ್ಲ.

ಬಾಗಿಲ ಹೊರಗೆ ಜೋಗೊಯ್ ಸಿಬೋಳ ಬಳಿ ತಗ್ಗಿದ ದನಿಯಲ್ಲಿ ಕೇಳುತ್ತಿದ್ದ: "ಈ ಮನೇಲಿ ನಮ್ಮ ಮೇಲೆ ಸಿಟ್ಟಾ ಅವ್ವ?"

"ಸಿಟ್ಟಲ್ಲಪ್ಪ. ಸಾವಿನ ಮನೇಲಿ ನಗಿಸಬೇಕಾದ ನೆಂಟರು ನೀವು, ನನ್ನ ಮಗ ಹೋದ ದಿನ ನಿಮ್ಮವರು ಒಬ್ಬರೂ ಇರಲಿಲ್ಲ. ಮಳೆ ಬೇರೆ. ಕಾಣಿಕೆಯ ಕೋಲಾ ಕಾಯಿ ಕೊಡೋವರೆಗೂ ಏಳಲ್ಲ ಅಂತ ಗೋರೀಲಿ ಮಲಗೋಕೆ ಯಾರೂ ಇಲ್ಲ. ಅವನ ಹಾಗೆ ನಡೆದು ತೋರಿಸೋಕೆ ಯಾರೂ ಇಲ್ಲ. ನಗಿಸೋರಿಲ್ಲದೆ ಮಣ್ಣು ಮುಚ್ಚಿದ್ವಿ. ಇವಳು ಅಲ್ಲೇ ನಿಂತುಬಿಟ್ಟಿದ್ದಾಳೆ."

ಜೋಗೊಯ್ ಕೋಟಿನ ಗುಂಡಿ ಬಿಚ್ಚಿದ. "ಏಳು ವರ್ಷ ನಿಮ್ಮ ಮಗ ಪ್ರತಿ ತಿಂಗಳೂ ನನ್ನ ಮೇಜಿನ ಮುಂದೆ ಬಂದು ಕೂರ್ತಿದ್ದ ಅವ್ವ. ಬಂದವನೇ, ಏಳೋ ಆಳೇ, ಯಜಮಾನ ಬಂದಿದೀನಿ, ಕುರ್ಚಿ ಬಿಡು ಅಂತಿದ್ದ. ಸುದ್ದಿ ನಂಗೆ ತಲುಪಿದ್ದು ತಿಂಗಳಾದ ಮೇಲೆ. ತಪ್ಪು ನಂದೇ. ಆಗಲೇ ಬರಬೇಕಿತ್ತು."

ಕೋಟು ಕಳಚಿ ಅವಳ ಮಡಿಲಲ್ಲಿಟ್ಟ. ಟೋಪಿಯನ್ನು ಎಡಕ್ಕೆ ವಾಲಿಸಿದ. ಕೋಣೆಗೆ ನುಗ್ಗಿ ಕಜೆಂಡೊ ಹೆಗಲಿಗೇರಿಸಿ, ಎಡಗಾಲು ಎಳೆದುಕೊಂಡು, ಎದೆ ಉಬ್ಬಿಸಿ ಮರದತ್ತ ಹೊರಟ. ನ್ಯಿಮಾ, ಡಚ್ ಹೆಂಗಸು ಹಿಂದೆಯೇ ಹೊರಬಂದರು. ಕಟ್ಟೆಯ ಮೇಲೆ ಯಾರೋ ಉಸಿರೆಳೆದುಕೊಂಡರು. ಅದು ಫಮಾರಾನ ನಡಿಗೆ.

"ಬನ್ನಿ, ಬನ್ನಿ, ಹತ್ತಿರ ಬನ್ನಿ, ಮರ ಕಚ್ಚಲ್ಲ," ಎಂದ ಫಮಾರಾನ ಮೂಗಿನ ದನಿಯಲ್ಲಿ. "ಈ ಬೂರುಗಕ್ಕೆ ಎಷ್ಟು ವಯಸ್ಸು ಹೇಳಿ ನೋಡೋಣ. ಎರಡು ಸಾವಿರದ ನಾನೂರು ವರ್ಷ. ನೆಟ್ಟಿದ್ದು ನಮ್ಮ ತಾತ. ಒಂದೇ ಕೈಯಲ್ಲಿ. ಇನ್ನೊಂದು ಕೈಯಲ್ಲಿ ಅನ್ನದ ತಟ್ಟೆ ಇತ್ತು."

ಹೆಂಗಸರು ಬಿದ್ದು ಬಿದ್ದು ನಕ್ಕರು.

"ಸುಳ್ಳು," ಎಂದಳು ನ್ಯಿಮಾ.

ಮಾತು ತಾನಾಗಿ ಜಾರಿತ್ತು. ಊಟಕ್ಕೆ ಕೂತಾಗ, ಬಟ್ಟೆ ಮಡಚುವಾಗ, ಎಷ್ಟು ಸಲ ಅವನಿಗೆ ಇದನ್ನೇ ಹೇಳಿದ್ದಳೋ. ಇನ್ನೂರು ಅನ್ನು, ಮುನ್ನೂರು ಅನ್ನು, ಗೊತ್ತಿಲ್ಲ ಅಂತಲಾದರೂ ಅನ್ನು. ಅವನು ಪ್ರತಿ ವರ್ಷವೂ ಇನ್ನೊಂದು ನೂರು ಸೇರಿಸುತ್ತಿದ್ದ.

"ಯಾರದು ಸುಳ್ಳು ಅಂದಿದ್ದು?" ಎಂದ ಜೋಗೊಯ್, ಅದೇ ದನಿಯಲ್ಲಿ. "ಅನ್ನ ಕಂಡರೆ ಅಪ್ಪನ್ನ ಮರೆಯೋ ಹೆಂಗಸಿಗೆ ಮರದ ಲೆಕ್ಕ ಗೊತ್ತಾ?"

"ಸಜ್ಜೆ ಮುಕ್ಕೋ ಆಳಿಗೆ ಗೊತ್ತಾ? ಕಜೆಂಡೊ ತಲೆಕೆಳಗಾಗಿ ಹಿಡ್ಕೊಂಡಿದೀಯ. ಇಳಿಸು. ಏಳು ವರ್ಷ ಕುರ್ಚಿ ಸವೆಸಿದ್ದೊಂದೇ ನಿನ್ನ ಸಾಧನೆ."

ಕಟ್ಟೆಯ ಕಡೆಯಿಂದ ಚಪ್ಪಾಳೆ ಬಂತು. ನ್ಯಿಮಾಳಿಗೆ ನಗು ಬಂತು. ಹೊಟ್ಟೆ ಹಿಡಿದುಕೊಂಡು ಮರದ ಬೇರಿನ ಮೇಲೆ ಕೂತು ನಕ್ಕಳು. ನಗು ಯಾವಾಗ ಅಳುವಾಯಿತೋ ಅವಳಿಗೆ ತಿಳಿಯಲಿಲ್ಲ. ಯಾರೂ ಸಮಾಧಾನ ಮಾಡಲು ಬರಲಿಲ್ಲ. ಜೋಗೊಯ್ ಟೋಪಿ ಸರಿಮಾಡಿಕೊಂಡು ಬೇರೆ ಕಡೆ ನೋಡುತ್ತ ನಿಂತಿದ್ದ.

"ಜಗಳವೇ?" ಎಂದು ಡಚ್ ಹೆಂಗಸು ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದಳು.

"ಇಲ್ಲ. ಇವನು ನಮ್ಮ ನೆಂಟ," ಎಂದಳು ನ್ಯಿಮಾ, ಮುಖ ಒರೆಸಿಕೊಂಡು. "ಮರದ ವಯಸ್ಸು ಯಾರಿಗೂ ಗೊತ್ತಿಲ್ಲ. ಗೊತ್ತಿರೋದು ಇಷ್ಟು. ಇಲ್ಲಿ ಮುಟ್ಟಿ ನೋಡಿ."

ಬೇರಿನ ಮೇಲೆ ಬೆರಳು ಹೂತುಹೋಗುವಷ್ಟು ಆಳದ ಗೀರು. ನನ್ನ ಗಂಡನ ಮುತ್ತಜ್ಜಿ ದೋಣಿಯ ಹಗ್ಗ ಕಟ್ಟುತ್ತಿದ್ದದ್ದು ಇಲ್ಲಿ, ಎಂದಳು. ಆಗ ಉಪ್ಪುನೀರು ಇಲ್ಲಿಯವರೆಗೆ ಬರುತ್ತಿತ್ತು. ಈಗ ಕಾಣುವ ಆ ಹಸಿರು ಗದ್ದೆಗಳೆಲ್ಲ ನೀರಿನಿಂದ ಕಿತ್ತುಕೊಂಡದ್ದು, ಒಂದೊಂದು ಒಡ್ಡನ್ನೂ ಈ ಸಲಿಕೆಯಿಂದಲೇ ಕಟ್ಟಿದ್ದು.

ಡಚ್ ಹೆಂಗಸು ಬಹಳ ಹೊತ್ತು ಬೆರಳು ತೆಗೆಯಲಿಲ್ಲ. "ನನ್ನ ಊರೂ ಸಮುದ್ರದಿಂದ ಕಿತ್ತುಕೊಂಡದ್ದೇ," ಎಂದಳು. ಚಪ್ಪಲಿ ಕಳಚಿ, ಒಡ್ಡು ತೋರಿಸಿ ಎಂದಳು. ಗದ್ದೆಯಲ್ಲಿ ಕಜೆಂಡೊ ಕೇಳಿ ಪಡೆದು ಒಂದು ಹೆಂಟೆ ಎತ್ತಲು ಹೋಗಿ ಮೊಣಕಾಲವರೆಗೆ ಹೂತಳು. ಎಳೆದು ಹೊರತೆಗೆಯಲು ಮೂವರು ಬೇಕಾದರು.

ಮರಳುವಾಗ ಆಕೆ ಪುಸ್ತಕ ತೆರೆದಳು. "ಡಿಸೆಂಬರ್ ಮೊದಲ ವಾರ ಎಂಟು ಜನರನ್ನು ಕರೆತರಲೇ?"

"ಆಗ ಕೊಯ್ಲು. ಊರಲ್ಲಿ ಯಾರೂ ಸಿಗಲ್ಲ," ಎಂದಳು ನ್ಯಿಮಾ. ಸ್ವಲ್ಪ ಯೋಚಿಸಿ, "ಕರೆದುಕೊಂಡು ಬನ್ನಿ. ಅವರೂ ಗದ್ದೆಗೇ ಬರಲಿ. ಕುಡುಗೋಲು ನಾವು ಕೊಡ್ತೀವಿ," ಎಂದಳು.

ಆಕೆ ತಾರೀಖು ಬರೆದುಕೊಂಡಳು.

ಜೋಗೊಯ್ ಗಾಡಿ ಹತ್ತುವಾಗ ನ್ಯಿಮಾ ಕಿಟಕಿಯ ಬಳಿ ನಿಂತಳು. ಏನೋ ಹೇಳಲು ಬಾಯಿ ತೆರೆದಳು.

"ಉಪಕಾರ ಆಯ್ತು ಅಂತೀಯೇನು?" ಎಂದ ಅವನು. "ಹಾಗೇನಾದ್ರೂ ಅಂದ್ರೆ ಈ ಊರಲ್ಲಿ ಸೊಳ್ಳೆ ಬಿಟ್ಟರೆ ಬೇರೇನಿಲ್ಲ ಅಂತ ಬರೆದುಬಿಡ್ತೀನಿ."

ಅವಳು ಒಳಗೆ ಹೋಗಿ, ಗಂಡ ನಾಟಿ ಮಾಡಿದ ಹೋದ ವರ್ಷದ ಕೆಂಪಕ್ಕಿಯ ಚೀಲ ತಂದು ಅವನ ಕಾಲ ಮೇಲೆ ಹಾಕಿದಳು.

"ನಿನ್ನ ಹೆಂಡತಿಗೆ ಕೊಡು," ಎಂದಳು. "ಪಾಪ, ಒಂದು ದಿನವಾದ್ರೂ ಮನುಷ್ಯರ ಊಟ ಮಾಡಲಿ."