ಅಕ್ಕನ ಮನೆಗೆ ಹೋಗದವನು

“ಎಡಕ್ಕೆ ತಗೊಳ್ಳಿ, ಬೇಗ!” ಎಂದ ಡ್ರೈವಿಂಗ್ ಮೇಷ್ಟ್ರು, ಕಾರು ಪೂರ್ತಿ ನಿಲ್ಲುವ ಮೊದಲೇ ಇಳಿದು ಪೆಟ್ರೋಲ್ ಬಂಕಿನ ಹಿಂಬದಿಗೆ ಓಡಿದ. ಶೌಚಾಲಯಕ್ಕೆ ಬೀಗ ಹಾಕಿತ್ತು. ಬೀಗದ ಕೈ ಯಾರ ಹತ್ತಿರವಿದೆ ಎಂದು ಕೇಳುವಷ್ಟರಲ್ಲಿ ಬಟ್ಟೆಯಲ್ಲೇ ಆಗಬಾರದ್ದು ಆಗಿಹೋಗಿತ್ತು.

ತಿರುಗಿ ಬಂದಾಗ, ಕಾರು ಕಲಿಯುತ್ತಿದ್ದ ಹೆಂಗಸು ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಹಿಡಿದು ನೇರ ಮುಂದಕ್ಕೆ ನೋಡುತ್ತ ಕೂತಿದ್ದಳು. ಅವನು ಸೀಟಿಗೆ ಹಳೆಯ ಪತ್ರಿಕೆ ಹಾಸಿ ಕೂತ. ಆಕೆ ಕಿಟಕಿಯ ಗಾಜು ಇಳಿಸಿದಳು. ಅದಕ್ಕಿಂತ ಎರಡು ಮಾತು ಬೈದಿದ್ದರೇ ವಾಸಿಯಿತ್ತು ಎನಿಸಿತು ಅವನಿಗೆ.

ಮರುದಿನದಿಂದ ಅವನು ಕೆಲಸಕ್ಕೆ ಹೋಗಲಿಲ್ಲ. ದೊಡ್ಡ ಕರುಳಿನ ಹುಣ್ಣು ಕೆರಳುವುದು, ತಣಿಯುವುದು ವರ್ಷಗಳಿಂದ ನಡೆದೇ ಇತ್ತು. ಈ ಸಲವೂ ಮಾತ್ರೆ ಹಿಡಿಸಿ ಮಲದಲ್ಲಿ ರಕ್ತ ಹೋಗುವುದು ನಿಂತಿತು. ಅವನು ಮಾತ್ರ ಹಾಸಿಗೆ ಬಿಟ್ಟು ಏಳಲಿಲ್ಲ. ಗಡ್ಡ ಬೆಳೆಯಿತು, ತರಿಸಿದ ಊಟ ತಟ್ಟೆಯಲ್ಲೇ ಒಣಗಿತು. ಅದೇ ಊರಿನಲ್ಲಿದ್ದ ಅಕ್ಕ ಫೋನ್ ಮಾಡಿ ಮನೆಗೆ ಕರೆದರೆ, “ಪುರುಸೊತ್ತಿಲ್ಲ ಕಣಕ್ಕ” ಎನ್ನುತ್ತಿದ್ದ, ಗೋಡೆ ನೋಡುತ್ತ.

“ಬಿಡಪ್ಪ, ದೊಡ್ಡ ಮನುಷ್ಯ ಆಗ್ಬಿಟ್ಟೆ. ನಮ್ಮನೆ ಹೊಸಲು ಎಲ್ಲಿದೆ ಅನ್ನೋದೂ ಮರ್ತಿರ್ತೀಯ,” ಎನ್ನುತ್ತಿದ್ದಳು ಅಕ್ಕ.

ತಪಾಸಣೆಯ ದಿನ ಡಾಕ್ಟರಮ್ಮ ಕಂಪ್ಯೂಟರ್ ಪರದೆಯಿಂದ ಕಣ್ಣು ತೆಗೆದು ಅವನನ್ನೇ ನೋಡಿದರು. “ಕರುಳು ಚೆನ್ನಾಗೇ ಮಾಯ್ತಾ ಇದೆ. ನೀವ್ಯಾಕ್ರೀ ಹೀಗಾಗಿದ್ದೀರಿ?”

“ಪರವಾಗಿಲ್ಲ ಮೇಡಂ” ಎನ್ನಲು ಬಾಯಿ ತೆರೆದ. ಅಳು ಬಂತು. “ಬೆಳಿಗ್ಗೆ ಯಾಕೆ ಏಳ್ಬೇಕು ಅಂತಾನೇ ಗೊತ್ತಾಗ್ತಿಲ್ಲ,” ಎಂದ.

ಡಾಕ್ಟರಮ್ಮ ಅವನ ಅಳು ನಿಲ್ಲುವತನಕ ಕಾದರು. “ಈ ಕಾಯಿಲೆ ಇರೋ ತುಂಬ ಜನಕ್ಕೆ ಹೀಗಾಗುತ್ತೆ. ನಿಮಗೆ ಧೈರ್ಯ ಸಾಲದು ಅಂತಲ್ಲ. ಹೊಟ್ಟೆ ಕೆರಳಿದ್ರೆ ಮನಸ್ಸು ಕುಗ್ಗುತ್ತೆ, ಮನಸ್ಸು ಕುಗ್ಗಿದ್ರೆ ಅದು ಹೊಟ್ಟೆಗೂ ತಟ್ಟುತ್ತೆ. ಅದಕ್ಕೂ ಚಿಕಿತ್ಸೆ ಇದೆ, ಇಲ್ಲೇ ಒಬ್ರು ಡಾಕ್ಟ್ರಿದ್ದಾರೆ, ತೋರಿಸೋಣ. ಮನೇಲಿ ಯಾರಿಗೆ ಗೊತ್ತು?”

“ಯಾರಿಗೂ ಗೊತ್ತಿಲ್ಲ.”

ಮನೆಗೆ ಬಂದವನು ಚಪ್ಪಲಿಯನ್ನೂ ಬಿಡದೆ ಅಕ್ಕನಿಗೆ ಫೋನ್ ಮಾಡಿದ.

“ಅಕ್ಕ, ನಿಮ್ಮನೆ ಟಾಯ್ಲೆಟ್ ಬಾಗಿಲು ನಡುಮನೆಗೇ ತೆರ್ಕೊಳ್ಳುತ್ತಲ್ಲ. ಭಾವ, ಮಕ್ಕಳು ಎಲ್ರೂ ಅಲ್ಲೇ ಕೂತಿರ್ತಾರೆ. ಅವರ ಮುಂದೆ ಹತ್ತು ಸಲ ಹೇಗೆ ಎದ್ದು ಹೋಗ್ಲಿ? ಅದಕ್ಕೇ ಬರ್ತಿರ್ಲಿಲ್ಲ.” ಮಿಕ್ಕಿದ್ದನ್ನೂ ಹೇಳಿದ. ರಕ್ತ ಹೋಗುವುದನ್ನು, ಬಂಕಿನ ಬೀಗವನ್ನು, ಏಳಲಾಗದ ಬೆಳಗುಗಳನ್ನು.



“ಕತ್ತೆ,” ಎಂದಳು ಅಕ್ಕ. “ಬಾಗಿಲು ತೆಗೆದಿಟ್ಟಿರು, ಬರ್ತಿದ್ದೀನಿ.”

ಅವನು ಚಿಲಕ ಸರಿಸಿದ. ಕುರ್ಚಿಯ ಮೇಲೆ ರಾಶಿ ಬಿದ್ದಿದ್ದ ಬಟ್ಟೆಗಳನ್ನು ಎತ್ತಿ ಹಾಸಿಗೆಗೆ ಹಾಕಿದ. ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಅದು ಕೆಳಗಿನ ಮಹಡಿಯಲ್ಲೇ ನಿಂತಿತು. ಯಾರದೋ ಬಾಗಿಲು ತೆರೆದು ಮುಚ್ಚಿಕೊಂಡಿತು. ಖಾಲಿ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು ಅವನು ಅಕ್ಕನ ದಾರಿ ನೋಡುತ್ತ ನಿಂತೇ ಇದ್ದ.